ಅನುಭವಿಗಳ ಬಳಿ ಕುಳಿತು ವೆಬ್ ವಿನ್ಯಾಸ ಕಲಿಯುವುದು: ಕೊಪ್ಪಳ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳದಲ್ಲಿ ಶನಿವಾರ ಮತ್ತು ಭಾನುವಾರ ನಡೆಯುವ ನಮ್ಮ ತರಗತಿಗೆ ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಹೊಸಪೇಟೆ, ಬಳ್ಳಾರಿ ಕಡೆಯಿಂದ ವಿದ್ಯಾರ್ಥಿಗಳು ಬರುತ್ತಾರೆ. ಸೇರುವ ಮುನ್ನ ಅವರೂ ಅವರ ಪಾಲಕರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವಾಗಿರುವುದರಿಂದ ಅವುಗಳಿಗೆ ಇಲ್ಲಿ ಒಟ್ಟಿಗೆ ಉತ್ತರಿಸಲಾಗಿದೆ. ಕಲಿಸುವವರು ನಾವು ಮೂವರು. ಮೂವರೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಇದೇ ಕೆಲಸದಿಂದ ಜೀವನ ನಡೆಸಿದವರು, ಈಗಲೂ ವಾರದ ಐದು ದಿನ ಗ್ರಾಹಕರ ಕೆಲಸ ಮಾಡುವವರು. ಉತ್ತರಗಳನ್ನು ಬರೆದವನು ನಾನು, ಅಭಿಪ್ರಾಯಗಳಿಗೆ ಹೊಣೆಯೂ ನನ್ನದೇ.

ಯೂಟ್ಯೂಬಿನಲ್ಲಿ ಎಲ್ಲವೂ ಉಚಿತವಾಗಿ ಸಿಗುವಾಗ ಅನುಭವಿಗಳ ಬಳಿ ಏಕೆ ಕಲಿಯಬೇಕು?

ಪಾಠ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಅನುಮಾನವಿಲ್ಲ. ವೆಬ್ ತಂತ್ರಜ್ಞಾನದ ಉಚಿತ ಕೈಪಿಡಿಯಂತಿರುವ ಎಂಡಿಎನ್ ತಾಣದಲ್ಲಿ ಎಚ್‌ಟಿಎಂಎಲ್ (ಪುಟದ ಬರಹ ಮತ್ತು ರಚನೆ), ಸಿಎಸ್‌ಎಸ್ (ಪುಟದ ರೂಪ), ಜಾವಾಸ್ಕ್ರಿಪ್ಟ್ (ಪುಟದ ವರ್ತನೆ) ಮೂರರ ಬಗ್ಗೆಯೂ ಇರುವಷ್ಟು ಸ್ಪಷ್ಟವಾದ ವಿವರಣೆ ಯಾವ ತರಗತಿಯಲ್ಲಿಯೂ ಸಿಗಲಾರದು. ನಾವೂ ವಿದ್ಯಾರ್ಥಿಗಳನ್ನು ಮೊದಲು ಅಲ್ಲಿಗೇ ಕಳುಹಿಸುತ್ತೇವೆ. ಆದರೆ ವಿಡಿಯೊ ನಿಮ್ಮ ಪುಟವನ್ನು ನೋಡುವುದಿಲ್ಲ. ನೀವು ಮಾಡಿದ ಪುಟದಲ್ಲಿ ಎಲ್ಲಿ ತಪ್ಪಾಗಿದೆ, ಆ ತಪ್ಪು ನಿಮ್ಮ ಕಣ್ಣಿಗೆ ಏಕೆ ಕಾಣಲಿಲ್ಲ ಎಂಬುದನ್ನು ಪಕ್ಕದಲ್ಲಿ ಕುಳಿತವರು ಮಾತ್ರ ಹೇಳಬಲ್ಲರು.

ಒಂದು ಉದಾಹರಣೆ ಕೊಡುತ್ತೇನೆ. ಗಂಗಾವತಿಯ ವಿದ್ಯಾರ್ಥಿಯೊಬ್ಬ ತನ್ನ ಸೋದರಮಾವನ ಅಕ್ಕಿ ಗಿರಣಿಗಾಗಿ ಮಾಡಿದ ಪುಟವನ್ನು ತಂದಿದ್ದ. ಲ್ಯಾಪ್‌ಟಾಪಿನಲ್ಲಿ ಪುಟ ಚೆಂದವಾಗಿಯೇ ಕಾಣುತ್ತಿತ್ತು. ಫೋನಿನಲ್ಲಿ ತೆರೆದಾಗ ಎರಡು ಸಾಲಿಗೆ ಮಡಚಿಕೊಂಡ ಶೀರ್ಷಿಕೆಯಲ್ಲಿ ಮೇಲಿನ ಸಾಲಿನ 'ಸ್ವಚ್ಛ' ಪದದ ಒತ್ತಕ್ಷರವು ಕೆಳಗಿನ ಸಾಲಿನ 'ಅಕ್ಕಿ' ಪದದ ಗುಡಿಸಿಗೆ ತಾಗಿ, ಎರಡೂ ಪದಗಳು ಗಂಟುಹಾಕಿಕೊಂಡಂತೆ ಕಾಣುತ್ತಿದ್ದವು. ಅವನು ಆ ಪುಟವನ್ನು ಎರಡು ವಾರ ದಿನವೂ ನೋಡಿದ್ದ. ಆದರೂ ಅದು ಅವನ ಗಮನಕ್ಕೆ ಬಂದಿರಲಿಲ್ಲ. ಸಾಲುಗಳ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಎಂದಿದ್ದುದನ್ನು 1.6 ಪಟ್ಟಿಗೆ ಏರಿಸಿದ ಕೂಡಲೇ ಗಂಟು ಬಿಚ್ಚಿಕೊಂಡಿತು. ಆ 1.2 ಎಂಬ ಅಂಕಿ ಎಲ್ಲಿಂದ ಬಂತು ಎಂದು ಕೇಳಿದರೆ, ಇಂಗ್ಲಿಷ್ ಪಾಠವೊಂದರಿಂದ ಬಂದಿತ್ತು. ಇಂಗ್ಲಿಷ್ ಶೀರ್ಷಿಕೆಗೆ ಅದು ಸರಿಯೇ. ಅಂದಿನಿಂದ ಆ ಹುಡುಗ ಯಾವ ಪುಟ ತೆರೆದರೂ ಮೊದಲು ಒತ್ತಕ್ಷರದ ಕೆಳಗಿನ ಜಾಗವನ್ನೇ ನೋಡುತ್ತಾನೆ. ಕಣ್ಣು ತಿದ್ದಿಸಿಕೊಳ್ಳುವುದೆಂದರೆ ಇದೇ.

'ಅನುಭವಿ' ಎಂದು ಹೇಳಿಕೊಳ್ಳುವವರು ಬಹಳ ಮಂದಿ. ನಿಜವಾದವರನ್ನು ಗುರುತಿಸುವುದು ಹೇಗೆ?

ಈ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. 2012ರಲ್ಲಿ ಮನೆಯವರು ಹೊಂದಿಸಿಕೊಟ್ಟ ಹಣವನ್ನು ಬೇರೊಂದು ನಗರದ ತರಬೇತಿ ಕೇಂದ್ರಕ್ಕೆ ಒಂದೇ ಕಂತಿನಲ್ಲಿ ಕಟ್ಟಿ ನಾಲ್ಕು ತಿಂಗಳು ಕಲಿತೆ. ಅಲ್ಲಿ ಕಲಿಸುತ್ತಿದ್ದವರು ಒಂದು ತಾಣವನ್ನೂ ಗ್ರಾಹಕರಿಗೆ ಮಾಡಿಕೊಟ್ಟಿರಲಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ. ಪುಟವನ್ನು ಕೋಷ್ಟಕಗಳಲ್ಲಿ ಜೋಡಿಸುವ ಹಳೆಯ ಕ್ರಮವನ್ನೇ ನಮಗೆ ಹೇಳಿಕೊಟ್ಟರು. ಮೊದಲ ಕೆಲಸದಲ್ಲಿ ಹಿರಿಯರೊಬ್ಬರು ನನ್ನ ಪುಟವನ್ನು ತೆರೆದು ಬ್ರೌಸರಿನ ಕಿಟಕಿಯನ್ನು ನಿಧಾನವಾಗಿ ಕಿರಿದು ಮಾಡಿದರು. ಪುಟದ ಅರ್ಧಭಾಗ ಪರದೆಯಾಚೆ ಹೋಗಿ ನಿಂತಿತು. ಪರದೆಯ ಅಗಲಕ್ಕೆ ಹೊಂದಿಕೊಳ್ಳುವ ವಿನ್ಯಾಸವನ್ನು ಈಥನ್ ಮಾರ್ಕೋಟ್ 2010ರಲ್ಲೇ ಹೆಸರಿಟ್ಟು ವಿವರಿಸಿದ್ದರು. ಎರಡು ವರ್ಷದ ನಂತರ ಹಣ ಕೊಟ್ಟು ಕಲಿತ ನನಗೆ ಅದರ ಹೆಸರೂ ಗೊತ್ತಿರಲಿಲ್ಲ. ಆ ಹಿರಿಯರು ಗದರಿಸದೆ, ಕೆಲಸ ಮುಗಿದ ಮೇಲೆ ಸಂಜೆ ಅರ್ಧ ಗಂಟೆಯಂತೆ ಮೂರು ತಿಂಗಳು ನನ್ನ ಪಕ್ಕದಲ್ಲಿ ಕುಳಿತು ತಿದ್ದಿದರು. ಇಂದು ನಾನು ಬಲ್ಲದ್ದರಲ್ಲಿ ಹೆಚ್ಚಿನದು ಆ ಅರ್ಧ ಗಂಟೆಗಳ ಫಲ.

ಆದ್ದರಿಂದ ಯಾರ ಬಳಿ ಸೇರುವ ಮುನ್ನವೂ, ನಮ್ಮ ಬಳಿಯೂ ಸೇರಿದಂತೆ, ಅವರು ಮಾಡಿದ ಮತ್ತು ಈಗಲೂ ಬಳಕೆಯಲ್ಲಿರುವ ತಾಣವನ್ನು ತೋರಿಸಲು ಕೇಳಿರಿ. ಅದನ್ನು ನಿಮ್ಮದೇ ಫೋನಿನಲ್ಲಿ ತೆರೆಯಿರಿ. ಅದರಲ್ಲಿ ಅವರಿಗೆ ಈಗ ಯಾವುದು ತಪ್ಪೆಂದು ತೋರುತ್ತದೆ ಎಂದು ಕೇಳಿರಿ; ಕೆಲಸ ಮಾಡಿದವರು ತಮ್ಮ ತಪ್ಪನ್ನು ಕೂಡಲೇ ಹೇಳಬಲ್ಲರು, ಮಾಡದವರು ಎಲ್ಲವೂ ಸರಿಯಿದೆ ಎನ್ನುತ್ತಾರೆ. ಪೂರ್ತಿ ಶುಲ್ಕವನ್ನು ಮೊದಲೇ ಕಟ್ಟಲು ಒತ್ತಾಯಿಸುವವರಲ್ಲಿ ಸೇರಬೇಡಿರಿ. ನಾವು ತಿಂಗಳಿಗೊಮ್ಮೆ ಪಡೆಯುತ್ತೇವೆ, ಬೇಡವೆನಿಸಿದವರು ಮುಂದಿನ ತಿಂಗಳು ಬಿಡಬಹುದು.

'ಆಧುನಿಕ' ವೆಬ್ ವಿನ್ಯಾಸ ಎಂದರೆ ಯಾವುದು? ಹಳೆಯದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಮೊದಲ ವೆಬ್ ತಾಣ ಟಿಮ್ ಬರ್ನರ್ಸ್‌-ಲೀ ಅವರಿಂದ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 1991ರಲ್ಲಿ ಹೊರಬಂದಾಗ ಅದರಲ್ಲಿ ಬರಹ ಮತ್ತು ಕೊಂಡಿಗಳಷ್ಟೇ ಇದ್ದವು. ಬಣ್ಣ, ಅಕ್ಷರದ ಗಾತ್ರ, ಅಂಚುಗಳನ್ನು ಬರಹದಿಂದ ಬೇರ್ಪಡಿಸಿ ನಿರ್ದೇಶಿಸುವ ಸಿಎಸ್‌ಎಸ್ 1996ರ ಡಿಸೆಂಬರಿನಲ್ಲಿ ಮಾನದಂಡವಾಯಿತು. ಆದರೆ ಪುಟದ ಭಾಗಗಳನ್ನು ಅಡ್ಡಲಾಗಿ ಮತ್ತು ಉದ್ದಕ್ಕೆ ಜೋಡಿಸಲು ಒಳ್ಳೆಯ ಸಾಧನ ಅದರಲ್ಲಿ ಬಹಳ ಕಾಲ ಇರಲಿಲ್ಲ. ಕೋಷ್ಟಕ, ಫ್ಲೋಟ್ (ಚಿತ್ರದ ಪಕ್ಕದಲ್ಲಿ ಬರಹ ಹರಿಯುವಂತೆ ಮಾಡುವುದು) ಮುಂತಾದ, ಬೇರೆ ಉದ್ದೇಶಕ್ಕಾಗಿ ಮಾಡಿದ ಸಾಧನಗಳನ್ನು ಬಗ್ಗಿಸಿ ಬಳಸಬೇಕಾಗಿತ್ತು. ಮುಂದೆ, ಭಾಗಗಳನ್ನು ಒಂದು ಸಾಲಿನಲ್ಲಿ ಅಥವಾ ಒಂದು ಕಂಬದಲ್ಲಿ ಜೋಡಿಸುವ ಫ್ಲೆಕ್ಸ್‌ಬಾಕ್ಸ್ ಬಂತು. 2017ರ ಮಾರ್ಚ್ ತಿಂಗಳೊಂದರಲ್ಲೇ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರೂ, ಸಾಲು ಮತ್ತು ಕಂಬ ಎರಡರಲ್ಲೂ ಒಟ್ಟಿಗೆ ಜೋಡಿಸುವ ಸಿಎಸ್‌ಎಸ್ ಗ್ರಿಡ್ ಅನ್ನು ಅಳವಡಿಸಿಕೊಂಡವು. 2023ರ ಹೊತ್ತಿಗೆ, ಇಡೀ ಪರದೆಯ ಅಗಲವನ್ನಲ್ಲದೆ ತಾನಿರುವ ಪೆಟ್ಟಿಗೆಯ ಅಗಲವನ್ನು ನೋಡಿ ರೂಪ ಬದಲಿಸಿಕೊಳ್ಳುವ ಕಂಟೇನರ್ ಕ್ವೆರಿ ಕೂಡ ಎಲ್ಲ ಮುಖ್ಯ ಬ್ರೌಸರುಗಳಲ್ಲಿ ದೊರೆಯಿತು.

ಇವುಗಳಲ್ಲಿ ಗ್ರಿಡ್ ಮತ್ತು ಫ್ಲೆಕ್ಸ್‌ಬಾಕ್ಸ್‌ಗಳನ್ನು ಚೆನ್ನಾಗಿ ಕಲಿತವರು ಬೂಟ್‌ಸ್ಟ್ರ್ಯಾಪ್‌ನಂತಹ, ಬೇರೆಯವರು ಮೊದಲೇ ಬರೆದಿಟ್ಟ ಸಿದ್ಧ ಚೌಕಟ್ಟುಗಳನ್ನು ಬೇಕಾದರೆ ಒಂದು ವಾರದಲ್ಲಿ ಕಲಿಯಬಹುದು. ಮೊದಲೇ ಸಿದ್ಧ ಚೌಕಟ್ಟನ್ನು ಹಿಡಿದವರು ಅದು ಕೈಕೊಟ್ಟ ದಿನ ಏನು ಮಾಡಬೇಕೆಂದು ತೋಚದೆ ನಿಲ್ಲುತ್ತಾರೆ. ಹೀಗಾಗಿ ನಮ್ಮಲ್ಲಿ ಮೊದಲ ಮೂರು ತಿಂಗಳು ಯಾವ ಚೌಕಟ್ಟನ್ನೂ ಬಳಸುವಂತಿಲ್ಲ.

ಕನ್ನಡ ಪುಟಗಳ ವಿನ್ಯಾಸಕ್ಕೆ ಬೇರೆಯಾಗಿ ಏನಾದರೂ ಕಲಿಯಬೇಕೇ?

ಖಂಡಿತವಾಗಿ ಕಲಿಯಬೇಕು. ನಮ್ಮ ಸೀಮೆಯಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಗ್ರಾಹಕರು ಕೊಡುವ ಕನ್ನಡ ಬರಹವು ಬಹಳ ಸಲ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಮುದ್ರಣಾಲಯದ ಕಂಪ್ಯೂಟರಿನಿಂದ ಬಂದಿರುತ್ತದೆ. ಅದನ್ನು ನಕಲು ಮಾಡಿ ಪುಟಕ್ಕೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಏಕೆಂದರೆ ಆ ಕಡತದಲ್ಲಿ ಇರುವುದು ನಿಜವಾಗಿ ಇಂಗ್ಲಿಷ್ ಸಂಕೇತಗಳೇ, ಅವುಗಳಿಗೆ ಕನ್ನಡದ ರೂಪ ಕೊಡುತ್ತಿದ್ದದ್ದು ಆ ಫಾಂಟ್. ಅದನ್ನು ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತವಿರುವ ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಎಡವಿದ ಅರ್ಕಾವತ್ತು ಮತ್ತು ದೀರ್ಘಗಳನ್ನು ಕಣ್ಣಾರೆ ಓದಿ ಸರಿಪಡಿಸಬೇಕು. ಬರಹವನ್ನು ಚಿತ್ರವಾಗಿ ಹಾಕಿ ಕೈತೊಳೆದುಕೊಳ್ಳುವುದು ಸುಲಭವಾದರೂ ಅಂತಹ ಪುಟವನ್ನು ಗೂಗಲ್ ಹುಡುಕಾಟ ಸರಿಯಾಗಿ ಓದಲಾರದು, ದೃಷ್ಟಿಯಿಲ್ಲದವರ ಫೋನು ಅದನ್ನು ಗಟ್ಟಿಯಾಗಿ ಓದಿ ಹೇಳಲಾರದು.

ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಓರೆ ಅಕ್ಷರದ ಸಂಪ್ರದಾಯವೂ ಇಲ್ಲ. ಓರೆ ಮಾಡಲು ಹೇಳಿದರೆ ಬ್ರೌಸರು ಅಕ್ಷರವನ್ನು ಬಲವಂತವಾಗಿ ವಾಲಿಸುತ್ತದೆ, ಅದು ನೋಡಲು ಹಿತವಲ್ಲ. ಆದ್ದರಿಂದ ಒತ್ತು ಕೊಡಬೇಕಾದಲ್ಲಿ ಅಕ್ಷರದ ದಪ್ಪ, ಗಾತ್ರ, ಸುತ್ತಲಿನ ಜಾಗ ಇವುಗಳನ್ನೇ ನೆಚ್ಚಬೇಕಾಗುತ್ತದೆ. ಅಕ್ಷರಗಳ ನಡುವೆ ಜಾಗ ಬಿಡಿಸುವ ಇಂಗ್ಲಿಷ್ ರೂಢಿಯನ್ನು ಕನ್ನಡಕ್ಕೆ ತಂದರೆ ಪದ ಬಿಡಿಬಿಡಿಯಾಗುತ್ತದೆ. ನಮ್ಮ ಪದಗಳು ಉದ್ದವಾದವು: ಇಂಗ್ಲಿಷಿನ 'ಸಬ್‌ಮಿಟ್' ಹಿಡಿಸುವಷ್ಟು ಅಗಲ ಕೊಟ್ಟ ಗುಂಡಿಯಲ್ಲಿ 'ಅರ್ಜಿಯನ್ನು ಸಲ್ಲಿಸಿ' ಎಂಬುದು ಹಿಡಿಯುವುದಿಲ್ಲ, ಎತ್ತರವನ್ನು ಕಟ್ಟಿಹಾಕಿದ್ದರೆ 'ಲ್ಲಿ'ಯ ಒತ್ತು ಕೆಳಗೆ ಕತ್ತರಿಸಿಹೋಗುತ್ತದೆ. ಗುಂಡಿಗೆ ನಿಗದಿತ ಅಗಲ ಮತ್ತು ಎತ್ತರ ಕೊಡದೆ ಒಳಗಿನ ಅಂಚನ್ನು ಮಾತ್ರ ಕೊಡುವುದನ್ನು ನಾವು ಮೊದಲ ವಾರದಲ್ಲೇ ರೂಢಿ ಮಾಡಿಸುತ್ತೇವೆ.

ಫಾಂಟುಗಳಿಗೆ ಈಗ ಕೊರತೆಯಿಲ್ಲ. ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ತಿರೊ ಕನ್ನಡ ಮುಂತಾದವು ಮುಕ್ತವಾಗಿ ಸಿಗುತ್ತವೆ. ಉದ್ದದ ಓದಿಗೆ ತಿರೊ ಅಥವಾ ನೋಟೊ, ಅಂಗಡಿಯ ಫಲಕದಂತೆ ಎದ್ದು ಕಾಣಬೇಕಾದಲ್ಲಿ ಬಾಲೂ ನನಗೆ ಒಪ್ಪುತ್ತದೆ. ಒತ್ತಕ್ಷರಗಳ ಸಂಖ್ಯೆ ಹೆಚ್ಚಿರುವುದರಿಂದ ಕನ್ನಡ ಫಾಂಟಿನ ಕಡತ ಇಂಗ್ಲಿಷಿನದಕ್ಕಿಂತ ಸಾಮಾನ್ಯವಾಗಿ ದೊಡ್ಡದು, ಹೀಗಾಗಿ ಒಂದು ತಾಣಕ್ಕೆ ಒಂದು ಫಾಂಟು, ಎರಡು ದಪ್ಪ ಸಾಕು. ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನಲ್ಲಿ ಘೋಷಿಸುವುದನ್ನು ಮಾತ್ರ ಮರೆಯಬೇಡಿರಿ; ಅದನ್ನು ಬಿಟ್ಟ ಪುಟಗಳು ಲೆಕ್ಕವಿಲ್ಲದಷ್ಟಿವೆ.

ಇಂಗ್ಲಿಷ್ ಸರಿಯಾಗಿ ಬಾರದವರು ಕಲಿಯಬಹುದೇ?

ಕಲಿಯಬಹುದು. ಪಾಠ ಕನ್ನಡದಲ್ಲೇ ನಡೆಯುತ್ತದೆ. ಸಿಎಸ್‌ಎಸ್‌ನಲ್ಲಿ ದಿನನಿತ್ಯ ಬಳಸುವ ಪದಗಳು ನೂರರ ಆಸುಪಾಸಿನಲ್ಲಿವೆ, ಅವು ಕೈಗೆ ತಾವಾಗಿಯೇ ಹತ್ತುತ್ತವೆ. ಮುಂದೆ ದಾಖಲೆಗಳನ್ನು ಓದಿಕೊಳ್ಳಲು ಇಂಗ್ಲಿಷ್ ಬೇಕಾಗುತ್ತದೆ. ಅದಕ್ಕಾಗಿ ವಾರಕ್ಕೆ ಎಂಡಿಎನ್‌ನ ಒಂದು ಪುಟವನ್ನು ಎಲ್ಲರೂ ಸೇರಿ ಓದುತ್ತೇವೆ.

ಬಿ.ಎ., ಬಿ.ಕಾಂ. ಮುಗಿಸಿದವರಿಗೆ ಅವಕಾಶವಿದೆಯೇ? ಇಂಜಿನಿಯರಿಂಗ್ ಬೇಕೇ?

ಪದವಿಯನ್ನು ನಾವು ಕೇಳುವುದೇ ಇಲ್ಲ. ಶೇಕಡಾವಾರು ಲೆಕ್ಕ ಬಂದರೆ ಗಣಿತ ಸಾಕು.

ಎಂತಹ ಕಂಪ್ಯೂಟರ್ ಬೇಕು? ಫೋನಿನಲ್ಲೇ ಕಲಿಯಲಾಗದೇ?

ಫೋನಿನಲ್ಲಿ ಪುಟವನ್ನು ಪರೀಕ್ಷಿಸಬಹುದು, ಕಟ್ಟುವುದು ಕಷ್ಟ. 8 ಜಿಬಿ ಮೆಮೊರಿ ಇರುವ, ಒಮ್ಮೆ ಬಳಸಿದ ಲ್ಯಾಪ್‌ಟಾಪ್ ಸಾಕು. ಹೊಸದಕ್ಕಾಗಿ ಸಾಲ ಮಾಡಬೇಡಿರಿ. ಕೋಡ್ ಬರೆಯುವ ವಿಎಸ್ ಕೋಡ್ ಉಚಿತ, ಪುಟದ ನಕ್ಷೆ ಬಿಡಿಸುವ ಫಿಗ್ಮಾ ಬ್ರೌಸರಿನಲ್ಲೇ ನಡೆಯುತ್ತದೆ, ಕಲಿಕೆಗೆ ಅದರ ಉಚಿತ ಆವೃತ್ತಿ ಸಾಕಾಗುತ್ತದೆ. ಬೇಸಿಗೆಯಲ್ಲಿ ಹಳ್ಳಿಗಳ ಕಡೆ ಕರೆಂಟು ಹೋಗಿಬರುವುದರಿಂದ ಬ್ಯಾಟರಿ ಎರಡು ಗಂಟೆಯಾದರೂ ತಡೆಯುವಂತಿರಲಿ, ಪ್ರತಿ ಸಂಜೆ ಕೆಲಸವನ್ನು ಕೋಡ್ ಕಾಪಿಡುವ ಗಿಟ್‌ಹಬ್ ತಾಣಕ್ಕೆ ಏರಿಸುವ ಅಭ್ಯಾಸವಿರಲಿ. ಮನೆಯಲ್ಲಿ ಹಳೆಯ, ನಿಧಾನವಾದ ಆಂಡ್ರಾಯ್ಡ್ ಫೋನಿದ್ದರೆ ಎಸೆಯಬೇಡಿರಿ. ನಮ್ಮ ತರಗತಿಯಲ್ಲಿ ಅಂತಹ ಫೋನೊಂದನ್ನು ಮೇಜಿನ ಮೇಲೆ ಇಟ್ಟೇ ಇರುತ್ತೇವೆ. ಅದರಲ್ಲಿ ಸರಿಯಾಗಿ ತೆರೆಯದ ಪುಟವನ್ನು ಮುಗಿದ ಕೆಲಸವೆಂದು ಒಪ್ಪುವುದಿಲ್ಲ.

ವೇಗ, ಸುಲಭ ಬಳಕೆ ಎಂದು ಅಷ್ಟೊಂದು ಒತ್ತು ಏಕೆ? ಪುಟ ಚೆಂದವಾಗಿದ್ದರೆ ಸಾಲದೇ?

ಗೂಗಲ್ ತನ್ನ ಅಳತೆಗೋಲಿನಲ್ಲಿ ಪುಟದ ಮುಖ್ಯಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ ಪುಟ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು ಎನ್ನುತ್ತದೆ. ಈಗ ನಮ್ಮ ಕಡೆಯ ಲೆಕ್ಕ ನೋಡೋಣ. ಫೋನಿನಲ್ಲಿ ತೆಗೆದ 4 ಎಂಬಿಯ ಫೋಟೊವನ್ನು ಹಾಗೆಯೇ ಪುಟಕ್ಕೆ ಹಾಕಿದ್ದೀರಿ ಎಂದುಕೊಳ್ಳಿ. ಯಲಬುರ್ಗಾದ ಬಸ್ ನಿಲ್ದಾಣದಲ್ಲಿ ಸಂಜೆಯ ಗದ್ದಲದಲ್ಲಿ ನೆಟ್‌ವರ್ಕ್ ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿದ್ದರೆ ಆ ಒಂದು ಚಿತ್ರ ಇಳಿಯಲು 16 ಸೆಕೆಂಡು ಬೇಕು. ಅದನ್ನೇ 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ಕಡಿಮೆ ಜಾಗ ಹಿಡಿಯುವ ವೆಬ್‌ಪಿ ಚಿತ್ರರೂಪದಲ್ಲಿ 150 ಕೆಬಿಗೆ ತಂದರೆ ಒಂದು ಸೆಕೆಂಡಿನೊಳಗೆ ಬರುತ್ತದೆ. ಗಿರಾಕಿ ಹದಿನಾರು ಸೆಕೆಂಡು ಕಾಯುವುದಿಲ್ಲ, ಬಸ್ಸೂ ಕಾಯುವುದಿಲ್ಲ.

ಬಣ್ಣದ ಮಾತೂ ಹೀಗೆಯೇ. ವೆಬ್ ಸುಲಭಬಳಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಬರಹಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸವಿರಬೇಕು. ಬಿಳಿಯ ಮೇಲೆ 999999 ಸಂಕೇತದ ಬೂದು ಬಣ್ಣ ನಾಜೂಕಾಗಿ ಕಂಡರೂ ಅದರ ವ್ಯತ್ಯಾಸ 2.85:1 ಮಾತ್ರ, 767676 ಸಂಕೇತದ ಗಾಢ ಬೂದಿಗೆ ಇಳಿಸಿದರೆ 4.54:1 ಆಗಿ ಆಗಷ್ಟೇ ಹೊಸ್ತಿಲು ದಾಟುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ತಿಳಿಬೂದು ಅಕ್ಷರ ಆರಿಸುವವರು ಮೇ ತಿಂಗಳ ಮಧ್ಯಾಹ್ನ ರಾಯಚೂರಿನ ಹತ್ತಿ ಮಾರುಕಟ್ಟೆಯ ಅಂಗಳದಲ್ಲಿ ನಿಂತು, ಫೋನಿಗೆ ಅಂಗೈ ಅಡ್ಡ ಹಿಡಿದು ದರ ಓದುವ ರೈತನನ್ನು ನೆನೆಯಬೇಕು. ನಾವು ವಿದ್ಯಾರ್ಥಿಗಳನ್ನು ಅಕ್ಷರಶಃ ಬಿಸಿಲಿಗೆ ಕಳುಹಿಸಿ ಅವರವರ ಪುಟವನ್ನು ಓದಿಸುತ್ತೇವೆ. ಪಾಠದಲ್ಲಿ ಹತ್ತು ಸಲ ಹೇಳಿ ಒಪ್ಪಿಸಲಾಗದ್ದನ್ನು ಬಿಸಿಲು ಎರಡು ನಿಮಿಷದಲ್ಲಿ ಒಪ್ಪಿಸುತ್ತದೆ.

ತಿದ್ದುವ ಕೆಲಸ ತರಗತಿಯಲ್ಲಿ ಹೇಗೆ ನಡೆಯುತ್ತದೆ?

ಕೊಪ್ಪಳದ ಮಗ್ಗುಲಲ್ಲೇ ಇರುವ ಕಿನ್ನಾಳದಲ್ಲಿ ಚಿತ್ರಗಾರ ಮನೆತನದ ಮಕ್ಕಳು ಮರದ ಗೊಂಬೆಗೆ ಬಣ್ಣ ಹಾಕುವುದನ್ನು ಕಲಿಯುವುದು ಹಿರಿಯರ ಪಕ್ಕದಲ್ಲಿ ಕುಳಿತು, ಅವರ ಕೈ ನೋಡುತ್ತ, ತಾವು ಹಾಕಿದ್ದನ್ನು ಅವರಿಗೆ ತೋರಿಸುತ್ತ. ನಮ್ಮ ಕ್ರಮವೂ ಅದೇ. ಶನಿವಾರ ಬೆಳಿಗ್ಗೆ ಪ್ರತಿಯೊಬ್ಬರ ಪುಟವೂ ದೊಡ್ಡ ಪರದೆಯ ಮೇಲೆ ಬರುತ್ತದೆ. ಮಾಡಿದವರು ಮೊದಲು ಮಾತಾಡುವುದಿಲ್ಲ. ಉಳಿದವರು ತಮಗೆ ಪುಟ ಏನು ಹೇಳುತ್ತಿದೆ ಎಂದು ತಿಳಿದದ್ದನ್ನು ಹೇಳುತ್ತಾರೆ. ಅಂಗಡಿಯ ಪುಟವೊಂದನ್ನು ನೋಡಿ ಮೂವರು ಅದನ್ನು ಶಾಲೆಯದೆಂದು ಭಾವಿಸಿದರೆ ಬೇರೆ ವಿಮರ್ಶೆಯೇ ಬೇಕಿಲ್ಲ. ಆಮೇಲೆ ನಮ್ಮಲ್ಲೊಬ್ಬರು ಅದೇ ಪುಟವನ್ನು ಎಲ್ಲರೆದುರು ತಿದ್ದುತ್ತಾರೆ, ಪ್ರತಿ ಬದಲಾವಣೆಗೂ ಕಾರಣ ಹೇಳುತ್ತಾರೆ. ಕಾರಣ ಹೇಳಲಾಗದಿದ್ದರೆ ಆ ಬದಲಾವಣೆಯನ್ನು ಹಿಂತೆಗೆದುಕೊಳ್ಳುತ್ತಾರೆ. 'ಚೆನ್ನಾಗಿಲ್ಲ' ಎಂಬ ಪದವನ್ನು ಯಾರೂ ಬಳಸುವಂತಿಲ್ಲ. ಎಲ್ಲಿ, ಏನು, ಯಾರಿಗೆ ತೊಡಕು ಎಂದು ಹೇಳಬೇಕು.

ಎಷ್ಟು ಕಾಲ ಹಿಡಿಯುತ್ತದೆ?

ದಿನಕ್ಕೆ ಎರಡು ಗಂಟೆ ತಪ್ಪದೆ ಕೂರುವವರು ಎಂಟು ತಿಂಗಳಲ್ಲಿ ಒಂದು ಸಣ್ಣ ತಾಣವನ್ನು ಯಾರ ನೆರವಿಲ್ಲದೆ ಮಾಡಿ ಮುಗಿಸುವ ಹಂತ ತಲುಪುವುದನ್ನು ಕಂಡಿದ್ದೇನೆ. ನಲವತ್ತೈದು ದಿನಗಳಲ್ಲಿ ಪರಿಣತರಾಗಿಸುತ್ತೇವೆ ಎಂಬ ಮಾತನ್ನು ನಂಬಬೇಡಿರಿ.

ಎಐ ಕ್ಷಣದಲ್ಲಿ ಪುಟ ಮಾಡಿಕೊಡುತ್ತದೆ. ಇನ್ನು ಈ ವಿದ್ಯೆ ಕಲಿತು ಪ್ರಯೋಜನವೇನು?

ಈ ಪ್ರಶ್ನೆಯನ್ನು ಪಾಲಕರು ಕಳವಳದಿಂದ ಕೇಳುತ್ತಾರೆ, ಅವರ ಕಳವಳ ನ್ಯಾಯವಾದದ್ದು. ಮೊದಲ ಕರಡನ್ನು ಎಐ ನಿಜವಾಗಿಯೂ ನಿಮಿಷದಲ್ಲಿ ಕೊಡುತ್ತದೆ, ನಾನೂ ನನ್ನ ಕೆಲಸದಲ್ಲಿ ಬಳಸುತ್ತೇನೆ. ಬರೀ ಕೋಡ್ ಟೈಪಿಸುವ ಕೆಲಸಕ್ಕೆ ಬೆಲೆ ಇಳಿದಿದೆ, ಅದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಆದರೆ ಅದು ಕೊಟ್ಟ ಕರಡಿನಲ್ಲಿ ಸಾಲುಗಳು ತಾಗಿಕೊಂಡಿವೆಯೇ, ಕನ್ನಡದ ವಾಕ್ಯ ಕನ್ನಡದಂತಿದೆಯೇ, ಗಿರಣಿಯ ಮಾಲೀಕರಿಗೆ ಬೇಕಾದದ್ದು ಈ ಪುಟವೇ ಎಂಬುದನ್ನು ನಿರ್ಧರಿಸುವವರು ಬೇಕೇ ಬೇಕು. ತಪ್ಪು ಕಾಣುವ ಕಣ್ಣಿಲ್ಲದವರ ಕೈಯಲ್ಲಿ ಆ ಸಾಧನ ತಪ್ಪುಗಳನ್ನು ಬೇಗ ಬೇಗ ಮಾಡಿಕೊಡುತ್ತದೆ, ಅಷ್ಟೆ. ಆದ್ದರಿಂದ ನಮ್ಮಲ್ಲಿ ಮೊದಲ ಮೂರು ತಿಂಗಳು ಎಐ ಬಳಸುವಂತಿಲ್ಲ; ಆಮೇಲೆ ಅದರ ಕರಡನ್ನು ತಿದ್ದುವುದೇ ಒಂದು ಪಾಠ.

ಊರು ಬಿಡದೆ ಕೆಲಸ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಆರಂಭ ಸಣ್ಣದು. ಬಳ್ಳಾರಿಯ ಜೀನ್ಸ್ ತಯಾರಕರು, ಗಂಗಾವತಿ ಮತ್ತು ಕಾರಟಗಿಯ ಅಕ್ಕಿ ಗಿರಣಿಗಳು, ಆನೆಗೊಂದಿ ಸುತ್ತಲಿನ ಹೋಂಸ್ಟೇಗಳು, ಕಿನ್ನಾಳದ ಗೊಂಬೆ ಮಾಡುವವರು ಇವರೆಲ್ಲ ಹೊರ ಊರಿನ ಗಿರಾಕಿಗಳಿಗೆ ತಮ್ಮ ಸರಕನ್ನು ತೋರಿಸಬೇಕಾದವರು. ಇವರಲ್ಲಿ ಹೆಚ್ಚಿನವರಿಗೆ ಇಪ್ಪತ್ತು ಪುಟದ ತಾಣ ಬೇಡ. ಒಳ್ಳೆಯ ಫೋಟೊಗಳು, ದರ ಕೇಳಲು ವಾಟ್ಸಾಪ್ ಕೊಂಡಿ, ದಾರಿ ತೋರಿಸುವ ನಕಾಶೆ ಇರುವ ಒಂದೇ ಪುಟ ಸಾಕು. ಅದಕ್ಕಿಂತ ಹೆಚ್ಚನ್ನು ಅವರ ತಲೆಗೆ ಕಟ್ಟಬೇಡಿರಿ.

ಹಣದ ವಿಷಯದಲ್ಲಿ ಮೊದಲೇ ಬರವಣಿಗೆಯಲ್ಲಿ ಒಪ್ಪಂದವಿರಲಿ, ಅರ್ಧ ಹಣ ಮುಂಗಡವಿರಲಿ, ಪರಿಚಯದವರಾದರೂ ಸರಿ. ಡೊಮೇನ್ ಹೆಸರನ್ನು, ಅಂದರೆ ತಾಣದ ವಿಳಾಸವನ್ನು, ಯಾವಾಗಲೂ ಗ್ರಾಹಕರ ಹೆಸರಿನಲ್ಲಿ, ಅವರದೇ ಇಮೇಲ್ ವಿಳಾಸದಿಂದ ನೋಂದಾಯಿಸಿರಿ. ಡೊಮೇನ್ ತಮ್ಮ ಹೆಸರಿನಲ್ಲಿಟ್ಟುಕೊಂಡು ಪ್ರತಿ ವರ್ಷ ಗ್ರಾಹಕರನ್ನು ಕಾಡುವವರಿಂದಾಗಿ ನಮ್ಮ ಕಡೆಯ ಎಷ್ಟೋ ವ್ಯಾಪಾರಿಗಳು ವೆಬ್‌ಸೈಟ್ ಎಂದರೆ ಬೆಚ್ಚುತ್ತಾರೆ. ಆ ಭಯವನ್ನು ಹೋಗಲಾಡಿಸುವುದು ಹೊಸಬರಿಗೆ ಮೊದಲ ಕೆಲಸವಾಗಿಬಿಟ್ಟಿದೆ ಎಂಬುದು ನನಗೆ ನೋವಿನ ಸಂಗತಿ. ಒಂದೆರಡು ವರ್ಷ ಹೀಗೆ ಕೈ ಪಳಗಿದ ಮೇಲೆ ಬೆಂಗಳೂರಿನ ಕಂಪನಿಗಳ ಕೆಲಸವನ್ನು ಮನೆಯಿಂದಲೇ ಮಾಡುವ ದಾರಿಯೂ ತೆರೆದುಕೊಳ್ಳುತ್ತದೆ. ನಾನು ಮತ್ತು ನನ್ನ ಜೊತೆಗಾರರು ಬದುಕುತ್ತಿರುವುದು ಹಾಗೆಯೇ.

ವಾರಕ್ಕೆ ಎರಡು ದಿನ ಬರಲಾಗದವರು ಏನು ಮಾಡಬೇಕು?

ಶನಿವಾರದ ತಿದ್ದುಪಡಿಯನ್ನು ಗೂಗಲ್ ಮೀಟ್ ಮೂಲಕವೂ ನಡೆಸುತ್ತೇವೆ. ಸಂಜೆಯ ಬಸ್ಸಿನ ತೊಂದರೆಯಿಂದಾಗಿ ಹೆಣ್ಣುಮಕ್ಕಳು ಬಿಟ್ಟುಹೋಗುವುದನ್ನು ಕಂಡು ತರಗತಿಯನ್ನು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ಕ್ಕೆ ಬದಲಿಸಿದ್ದೇವೆ. ತಿಂಗಳಿಗೆ ಒಮ್ಮೆಯಾದರೂ ಎದುರಾಎದುರು ಕೂರುವುದು ಮಾತ್ರ ಕಡ್ಡಾಯ.

ಕೊನೆಯಲ್ಲಿ ಪ್ರಮಾಣಪತ್ರ ಕೊಡುತ್ತೀರಾ?

ಕೊಡುವುದಿಲ್ಲ. ಕೆಲಸ ಕೊಡುವವರು ನಿಮ್ಮ ತಾಣಗಳ ವಿಳಾಸ ಕೇಳುತ್ತಾರೆ. ಹೊರಡುವ ಹೊತ್ತಿಗೆ ನಿಮ್ಮ ಬಳಿ ನಿಜವಾದ ಗ್ರಾಹಕರು ಬಳಸುತ್ತಿರುವ ಎರಡು ತಾಣಗಳಾದರೂ ಇರಬೇಕೆಂಬುದು ನಮ್ಮ ನಿಯಮ.

ಮೊದಲ ದಿನ ಏನು ತರಬೇಕು?

ಲ್ಯಾಪ್‌ಟಾಪ್ ಬೇಡ. ನಿಮ್ಮ ಮನೆಗೆ ಹತ್ತಿರದ ಒಂದು ಅಂಗಡಿಯಲ್ಲಿ, ಅದು ಕಿರಾಣಿಯಾಗಲಿ ಗೊಬ್ಬರದ್ದಾಗಲಿ, ಮಾಲೀಕರ ಅನುಮತಿ ಪಡೆದು ಒಂದು ಗಂಟೆ ಕುಳಿತುಕೊಳ್ಳಿ. ಬಂದ ಗಿರಾಕಿಗಳು ಮೊದಲು ಏನು ಕೇಳಿದರು, ಎರಡನೆಯದಾಗಿ ಏನು ಕೇಳಿದರು, ಏನನ್ನು ಕೇಳದೆ ಹಿಂದಿರುಗಿದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿರಿ. ಆ ಹಾಳೆಯ ಮೊದಲ ಸಾಲೇ ನೀವು ಮಾಡುವ ಮೊದಲ ಪುಟದ ಶೀರ್ಷಿಕೆಯಾಗುತ್ತದೆ.